ಬೆಳಕಿನ ಲೆಕ್ಕವೂ ತಂತ್ರಾಂಶದ ಬೆಲೆಯೂ

ಛಾಯಾಚಿತ್ರಗಳನ್ನು ಸಂಸ್ಕರಿಸುವ ತಂತ್ರಾಂಶಗಳಿಗೆ ಮೇಲಿಂದ ಮೇಲೆ ಹೊಸ ಆವೃತ್ತಿಗಳು ಬರುತ್ತಿರುತ್ತವೆ. ಕೈಯಲ್ಲಿರುವ ಹಳೆಯ ಆವೃತ್ತಿ ಸಾಕೇ, ಹಣ ತೆತ್ತು ಹೊಸದನ್ನು ಪಡೆಯಬೇಕೇ ಎಂಬ ಪ್ರಶ್ನೆ ಆಗೆಲ್ಲ ಏಳುತ್ತದೆ. ಜಾಹೀರಾತನ್ನಾಗಲಿ ಗೆಳೆಯರ ಮಾತನ್ನಾಗಲಿ ನಂಬಿ ಇದನ್ನು ತೀರ್ಮಾನಿಸುವುದಕ್ಕಿಂತ ಭೌತಶಾಸ್ತ್ರದ ಒಂದೆರಡು ಸರಳ ನಿಯಮಗಳನ್ನು ಆಶ್ರಯಿಸುವುದು ಲೇಸು.

ಮೊದಲು ರಾ ಕಡತವೆಂದರೇನೆಂಬುದನ್ನು ತಿಳಿಯೋಣ. ಕ್ಯಾಮೆರಾದ ಮಸೂರದ ಹಿಂದೆ ಸಂವೇದಕವೆಂಬ ಸಿಲಿಕಾನಿನ ಫಲಕವಿದೆ. ಅದರ ಮೇಲೆ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಿರುತ್ತವೆ. ಬೆಳಕಿನ ಕಣಗಳು, ಎಂದರೆ ಫೋಟಾನುಗಳು, ಕೋಶದ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಅಲ್ಲಿ ಸಂಗ್ರಹವಾಗುತ್ತವೆ. ಅವುಗಳನ್ನು ಅಳೆದು ಬರೆದಿಟ್ಟ ಸಂಖ್ಯೆಗಳ ಪಟ್ಟಿಯೇ ರಾ ಕಡತ. 14 ಬಿಟ್ಟುಗಳ ಕಡತದಲ್ಲಿ ಪ್ರತಿಯೊಂದು ಅಳತೆಗೂ 16,384 ಮಟ್ಟಗಳಿವೆ. ಸಾಮಾನ್ಯವಾದ ಜೆಪೆಗ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಮಟ್ಟಗಳು ಮಾತ್ರ. ರಾ ಕಡತ ಜೋಳದ ಹಿಟ್ಟಿನಂತೆ, ಜೆಪೆಗ್ ಬಡಿದು ಬೇಯಿಸಿದ ರೊಟ್ಟಿಯಂತೆ. ಹಿಟ್ಟಿನಿಂದ ರೊಟ್ಟಿಯನ್ನೂ ಮಾಡಬಹುದು, ಅಂಬಲಿಯನ್ನೂ ಕಾಸಬಹುದು. ರೊಟ್ಟಿಯನ್ನು ಮರಳಿ ಹಿಟ್ಟಾಗಿಸಲು ಬಾರದು.

ಇನ್ನೊಂದು ಸಂಗತಿಯುಂಟು. ಕೋಶಕ್ಕೆ ಬಣ್ಣ ತಿಳಿಯದು. ಆದುದರಿಂದ ಪ್ರತಿಯೊಂದು ಕೋಶದ ಮೇಲೂ ಕೆಂಪು, ಹಸಿರು, ನೀಲಿಗಳಲ್ಲಿ ಯಾವುದಾದರೂ ಒಂದು ಬಣ್ಣದ ಶೋಧಕವನ್ನು ಇಟ್ಟಿರುತ್ತಾರೆ. ಈಸ್ಟ್‌ಮನ್ ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವನಿಗೆ 1976ರಲ್ಲಿ ಪೇಟೆಂಟು ದೊರೆತ ಈ ಜೋಡಣೆಯಲ್ಲಿ ಅರ್ಧದಷ್ಟು ಕೋಶಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಉಳಿದ ಕಾಲುಭಾಗ ನೀಲಿಗೆ ಮೀಸಲು. ಹೀಗೆ ಒಂದೊಂದು ಬಿಂದುವಿನಲ್ಲಿಯೂ ಅಳೆದುದು ಒಂದೇ ಬಣ್ಣ. ಉಳಿದೆರಡನ್ನು ನೆರೆಯ ಕೋಶಗಳ ಅಳತೆಯಿಂದ ತಂತ್ರಾಂಶವು ಅಂದಾಜು ಮಾಡುತ್ತದೆ. ಈ ಅಂದಾಜಿನ ಗಣಿತ ಉತ್ತಮಗೊಂಡಂತೆಲ್ಲ ಹತ್ತು ವರ್ಷದ ಹಿಂದಿನ ಕಡತದಿಂದಲೂ ಹೆಚ್ಚು ಸ್ಫುಟವಾದ ಚಿತ್ರ ದೊರೆಯುವುದು ಸಾಧ್ಯ. ಹೊಸ ಆವೃತ್ತಿಯ ಪರವಾಗಿ ಇದು ನಿಜವಾದ ವಾದ.

ಆದರೆ ಇದಕ್ಕೊಂದು ಮಿತಿಯುಂಟು. ಉದಾಹರಣೆಗೆ, ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಸಿಯ ವಿದ್ಯಾರ್ಥಿನಿಯೊಬ್ಬಳು ಅದೇ ತಾಲ್ಲೂಕಿನ ಬಂಕಾಪುರದ ಕೋಟೆಗೆ ಹೋದಳೆಂದು ಭಾವಿಸೋಣ. ಕೋಟೆಯೊಳಗೆ ಅರವತ್ತು ಕಂಬದ ಗುಡಿಯೆಂದು ಹೆಸರಾದ ನಗರೇಶ್ವರ ದೇವಾಲಯವಿದೆ. 2006ರಲ್ಲಿ ಘೋಷಿತವಾದ ನವಿಲುಧಾಮವೂ ಅಲ್ಲಿಯೇ ಇದೆ. ಆಕೆ ಗುಡಿಯ ಮಂಟಪದೊಳಗೆ ನಿಂತು, ಕಂಬಗಳ ನಡುವಿನಿಂದ ಬಿಸಿಲಿನಲ್ಲಿರುವ ನವಿಲಿನ ಚಿತ್ರ ತೆಗೆದಳು. ಹೊರಗಿನ ಬಿಳಿಯ ಆಕಾಶದ ಭಾಗದಲ್ಲಿ ಕೋಶಗಳು ತುಂಬಿ ತುಳುಕಿದವು. ತುಂಬಿದ ಕೊಡದ ಮೇಲೆ ಎಷ್ಟು ಮಳೆ ಬಿದ್ದಿತೆಂದು ಕೊಡವನ್ನು ನೋಡಿ ಹೇಳಲಾಗದಷ್ಟೆ. ಹಾಗೆಯೇ ಅಲ್ಲಿದ್ದ ಮೋಡದ ವಿವರವನ್ನು ಯಾವ ಆವೃತ್ತಿಯೂ ಮರಳಿ ಅಳೆದು ಕೊಡಲಾರದು.

ಒಳಗಿನ ಕತ್ತಲೆಯ ಕಂಬದ ಗತಿ ಬೇರೆ. ಫೋಟಾನುಗಳು ಮಳೆಹನಿಗಳಂತೆ ಕ್ರಮವಿಲ್ಲದೆ ಬೀಳುತ್ತವೆ. ಸರಾಸರಿ 10,000 ಫೋಟಾನು ದಾಖಲಾಗುವಲ್ಲಿ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ 100. ಇದು ನೂರಕ್ಕೆ ಒಂದು ಪಾಲು. ಸರಾಸರಿ 100 ಮಾತ್ರ ದಾಖಲಾಗುವಲ್ಲಿ ಏರಿಳಿತ 10. ಇದು ನೂರಕ್ಕೆ ಹತ್ತು ಪಾಲು. ಕತ್ತಲೆಯ ಭಾಗ ಕಾಳುಕಾಳಾಗಿ ಕಾಣುವುದಕ್ಕೆ ಇದೇ ಮುಖ್ಯ ಕಾರಣ. ತಂತ್ರಾಂಶದಲ್ಲಿ ಆ ಭಾಗವನ್ನು 16 ಪಟ್ಟು ಬೆಳಗಿಸಿದರೆ 100 ಎಂಬುದು 1,600 ಆಗುವುದು, 10 ಎಂಬುದು 160 ಆಗುವುದು. ಪ್ರಮಾಣ ಹಾಗೆಯೇ ಉಳಿಯುವುದು.

ಹಾಗಾದರೆ ಹೊಸ ತಂತ್ರಾಂಶಗಳು ಈ ಕಾಳುಗಳನ್ನು ಅಳಿಸಿಬಿಡುವುದು ಹೇಗೆ? ಅಡೋಬಿ ಸಂಸ್ಥೆ 2023ರಲ್ಲಿ ತನ್ನ ತಂತ್ರಾಂಶಕ್ಕೆ ಸೇರಿಸಿದಂತಹ ವಿಧಾನಗಳು ಅಸಂಖ್ಯ ಚಿತ್ರಗಳಿಂದ ಕಲಿತು, ಇಲ್ಲಿ ಏನಿದ್ದಿರಬಹುದೆಂದು ಊಹಿಸಿ ತುಂಬುತ್ತವೆ. ನವಿಲಿನ ಗರಿಗೆ ಈ ಊಹೆ ಸೊಗಸಾಗಿ ಒಪ್ಪಬಹುದು. ಆದರೆ ಬಂಕಾಪುರದ ಕೋಟೆಯಲ್ಲಿ ಹಳಗನ್ನಡದ ಶಾಸನಗಳೂ ಇವೆ. ಸವೆದ ಅಕ್ಷರದ ಪಕ್ಕದಲ್ಲಿರುವ ಮಸುಕಾದ ಚುಕ್ಕೆ ಕಲ್ಲಿನ ಕಲೆಯೋ, ಅನುಸ್ವಾರವೋ? ಒಂದು ಸೊನ್ನೆ ಅಳಿದರೆ ಮಂಗನು ಮಗನಾಗುವ ಭಾಷೆ ನಮ್ಮದು. ಓದಬೇಕಾದ ಸಾಕ್ಷ್ಯವನ್ನು ಊಹೆಯ ಕೈಗೆ ಒಪ್ಪಿಸುವುದು ಅಪಾಯಕರ. ಅಲ್ಲಿ ಟ್ರೈಪಾಡಿನ ಮೇಲೆ ಕ್ಯಾಮೆರಾವನ್ನಿಟ್ಟು ನಾಲ್ಕು ಪಟ್ಟು ಹೆಚ್ಚು ಹೊತ್ತು ಬೆಳಕನ್ನು ಹಿಡಿದರೆ, ಫೋಟಾನುಗಳು ನಾಲ್ಕು ಪಟ್ಟಾಗಿ ಏರಿಳಿತ ಎರಡೇ ಪಟ್ಟಾಗುತ್ತದೆ. ಚಿತ್ರದ ಶುದ್ಧಿ ಇಮ್ಮಡಿಯಾಗುತ್ತದೆ. ಇದು ಊಹೆಯಲ್ಲ, ಅಳತೆ.

ಈಗ ನಿರ್ಧಾರಕ್ಕೆ ಬರೋಣ. ಹಣ ಕೊಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ಒಂದು: ಹಳೆಯ ಆವೃತ್ತಿ ನಮ್ಮ ಕ್ಯಾಮೆರಾದ ಕಡತವನ್ನು ತೆರೆಯುತ್ತದೆಯೆ? ಹೊಸ ಕ್ಯಾಮೆರಾ ಕೊಂಡವರಿಗೆ ಬಹಳ ಸಲ ಎದುರಾಗುವ ತೊಡಕು ಇದು. ಆಗಲೂ ಒಂದು ದಾರಿಯುಂಟು. 2004ರಲ್ಲಿ ಅಡೋಬಿ ಪ್ರಕಟಿಸಿದ ಡಿಎನ್‌ಜಿ ಎಂಬ ರೂಪಕ್ಕೆ, ಅದೇ ಸಂಸ್ಥೆ ಬೆಲೆಯಿಲ್ಲದೆ ಕೊಡುವ ಪರಿವರ್ತಕದಿಂದ ಕಡತಗಳನ್ನು ಮಾರ್ಪಡಿಸಿದರೆ ಹಲವು ಹಳೆಯ ತಂತ್ರಾಂಶಗಳು ಅವನ್ನು ಓದುತ್ತವೆ.

ಎರಡು: ಲಾಭವು ನಮ್ಮ ಕಣ್ಣಿಗೆ ಕಾಣುವುದೆ? ನಮ್ಮವೇ ಆದ ಐದು ಕಠಿಣ ಕಡತಗಳನ್ನು ಆರಿಸಿ, ಹಳೆಯದರಲ್ಲಿಯೂ ಹೊಸದರ ಪರೀಕ್ಷಾ ಪ್ರತಿಯಲ್ಲಿಯೂ ಸಂಸ್ಕರಿಸಿ, ಯಾವುದು ಯಾವುದೆಂದು ತಿಳಿಸದೆ ಗೆಳೆಯನಿಗೆ ತೋರಿಸಬೇಕು. ನಾವು ನಿಜವಾಗಿ ಬಳಸುವ ಅಳತೆಯಲ್ಲಿಯೇ ತೋರಿಸಬೇಕು. ಅಂಗೈಯಗಲದ ಮುದ್ರಣದಲ್ಲಿ ಕಾಣದ ಭೇದಕ್ಕೆ ಹಣ ತೆರುವುದು ವ್ಯರ್ಥ. ಡಾರ್ಕ್‌ಟೇಬಲ್, ರಾಥೆರಪಿ ಎಂಬ ಉಚಿತ ತಂತ್ರಾಂಶಗಳನ್ನೂ ಈ ಪರೀಕ್ಷೆಗೆ ಸೇರಿಸುವುದು ನ್ಯಾಯ.

ಮೂರು: ಬೆಲೆ ಒಮ್ಮೆ ಕೊಡುವುದೋ, ವರ್ಷವರ್ಷವೂ ತೆರುವುದೋ? ಅಡೋಬಿಯ ಲೈಟ್‌ರೂಮಿನಲ್ಲಿ ಒಮ್ಮೆಗೇ ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ 2015ರ ಆರನೆಯದು. ಅನಂತರದ್ದು ಚಂದಾ ಪದ್ಧತಿ. ಚಂದಾ ಇದ್ದಲ್ಲಿ ಮೂರು ವರ್ಷದ ಮೊತ್ತವನ್ನು ಕೂಡಿಸಿ, ಒಂದು ಟ್ರೈಪಾಡಿನ ಬೆಲೆಯೊಡನೆ ಹೋಲಿಸಿ ನೋಡಬೇಕು.

ಹೊಸದಕ್ಕೆ ಹೋಗುವುದೇ ಲೇಸೆಂದು ಕಂಡರೆ, ಹಳೆಯ ಕೆಲಸದ ದಾಖಲೆಯನ್ನು ಮೊದಲು ಬೇರೆಡೆ ನಕಲು ಮಾಡಿಡಬೇಕು. ಹೊಸ ಆವೃತ್ತಿ ಮಾರ್ಪಡಿಸಿದ ದಾಖಲೆಯನ್ನು ಹಳೆಯದು ತೆರೆಯದಿರಬಹುದು. ಹೋಗದೆ ಉಳಿದರೂ ನಷ್ಟವಿಲ್ಲ. ತಂತ್ರಾಂಶವನ್ನು ಮುಂದಿನ ವರ್ಷವೂ ಕೊಳ್ಳಬಹುದು. ಆದರೆ ಜಾಗ ಉಳಿಸಲೆಂದು ರಾ ಕಡತವನ್ನು ಅಳಿಸಿ ಜೆಪೆಗ್ಗನ್ನು ಮಾತ್ರ ಇಟ್ಟುಕೊಂಡವರಿಗೆ ಯಾವ ಆವೃತ್ತಿಯಿಂದಲೂ ಪೂರ್ಣ ಪ್ರಯೋಜನ ದೊರೆಯದು. ಆದುದರಿಂದ ಹಣ ಕಡಿಮೆಯಿರುವ ವಿದ್ಯಾರ್ಥಿ ಮೊದಲು ಕೊಳ್ಳಬೇಕಾದುದು ಹೊಸ ಆವೃತ್ತಿಯಲ್ಲ, ತನ್ನ ರಾ ಕಡತಗಳ ಎರಡನೆಯ ಪ್ರತಿಯನ್ನು ಇಡಲು ಒಂದು ಡಿಸ್ಕು.