ಗೋಪ್ಯವಾದ ಎರಡನೆಯ ನೌಕರಿ: ಮಾಲೀಕರು ಕೊಳ್ಳುವುದು ವೇಳೆಯನ್ನೋ, ಕೆಲಸವನ್ನೋ?

ಒಬ್ಬನೇ ಲೆಕ್ಕಿಗನು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುವುದು ವಿದುರಾಶ್ವತ್ಥ, ಗೌರಿಬಿದನೂರು ಭಾಗದ ವರ್ತಕರಿಗೆ ಹೊಸತಲ್ಲ. ಬೆಳಿಗ್ಗೆ ಮಂಡಿ, ಮಧ್ಯಾಹ್ನ ಎಣ್ಣೆ ಮಿಲ್ಲು, ಸಂಜೆ ಬಟ್ಟೆ ಅಂಗಡಿ. ಎಲ್ಲ ಮಾಲೀಕರಿಗೂ ಅದು ತಿಳಿದಿರುವುದರಿಂದ ಆಕ್ಷೇಪಣೆಯ ಮಾತೇ ಇಲ್ಲ. 2020ರ ಕೋವಿಡ್ ಅನಂತರ ಮನೆಯಿಂದಲೇ ದುಡಿಯುವ ಪದ್ಧತಿ ಬೇರೂರಿದಾಗ, ಇದೇ ವ್ಯವಹಾರವು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮದಲ್ಲಿ ಮುಚ್ಚುಮರೆಯ ರೂಪ ತಾಳಿತು.

ಪ್ರತಿಸ್ಪರ್ಧಿ ಸಂಸ್ಥೆಗಳಲ್ಲಿಯೂ ಏಕಕಾಲಕ್ಕೆ ದುಡಿಯುತ್ತಿದ್ದ 300 ನೌಕರರನ್ನು ತೆಗೆದುಹಾಕಿದುದಾಗಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ 2022ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದರು. ಅದೇ ತಿಂಗಳು ನೌಕರರಿಗೆ ಎಚ್ಚರಿಕೆಯಿತ್ತ ಇನ್ಫೋಸಿಸ್, ಅಕ್ಟೋಬರ್‌ನಲ್ಲಿ ಪೂರ್ವಾನುಮತಿ ಪಡೆದು ಹೊರಗಿನ ಬಿಡಿಕೆಲಸ ಮಾಡಬಹುದೆಂದಿತು. ಸ್ವಿಗ್ಗಿ ಸಂಸ್ಥೆ ಆಗಸ್ಟ್‌ನಲ್ಲಿಯೇ ಷರತ್ತುಬದ್ಧ ಒಪ್ಪಿಗೆ ನೀಡಿತ್ತು.

ಸಣ್ಣ ಉದ್ಯಮಿಗಳು ಹೆಚ್ಚು ಯೋಚಿಸಬೇಕಾದುದು ಸ್ವಯಂಚಾಲನೆಯ ವಿಷಯವನ್ನು. ಬಿಲ್ಲುಗಳನ್ನು ಜಿ.ಎಸ್.ಟಿ. ವಿವರದೊಡನೆ ತಾಳೆ ನೋಡುವ ಗುಮಾಸ್ತನು ಪುಟ್ಟ ಪ್ರೋಗ್ರಾಂ ಒಂದನ್ನು ಬರೆದು, ದಿನದ ಕೆಲಸವನ್ನು ಒಂದು ಗಂಟೆಯಲ್ಲಿ ಮುಗಿಸಿ, ಉಳಿದ ಏಳು ಗಂಟೆಗಳನ್ನು ಮತ್ತೊಬ್ಬರಿಗೆ ಮಾರಿದನೆಂದು ಭಾವಿಸೋಣ. ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವ ನೇಕಾರನು ಬೇಗ ಮುಗಿಸಿದರೆ ಯಾರೂ ದೂರುವುದಿಲ್ಲ. ದಿನಗೂಲಿಯಾದರೆ ಮಾತು ಬೇರೆ. ಅಲ್ಲಿ ಮಾರಾಟವಾಗಿರುವುದು ದಿನವೇ. ಗುಮಾಸ್ತನ ಸಂಬಳ ಇವೆರಡರ ನಡುವೆ ಅಸ್ಪಷ್ಟವಾಗಿ ನಿಂತಿದೆ, ತಗಾದೆಯೆಲ್ಲ ಅಲ್ಲಿಂದಲೇ. ಕೆಲಸ ಚೆನ್ನಾಗಿ ಆಗುತ್ತಿದ್ದರೆ ಮಾಲೀಕನಿಗೆ ಏನು ನಷ್ಟವೆಂದು ಕೇಳಬಹುದು. ಅವನ ಗಿರಾಕಿಗಳ ಪಟ್ಟಿ, ದರಗಳು ಮತ್ತೊಬ್ಬರ ಕಂಪ್ಯೂಟರಿಗೆ ಸೇರಬಹುದು. ಗುಮಾಸ್ತನು ಬಿಟ್ಟುಹೋದ ದಿನ ಆ ಪ್ರೋಗ್ರಾಮೂ ಹೋಗುತ್ತದೆ.

ಕಾನೂನಿನ ನೆರವು ಇಲ್ಲಿ ಅಲ್ಪ. ಒಂದೇ ದಿನ ಎರಡು ಕಾರ್ಖಾನೆಗಳಲ್ಲಿ ದುಡಿಯುವುದನ್ನು 1948ರ ಕಾರ್ಖಾನೆಗಳ ಕಾಯಿದೆಯ 60ನೇ ಕಲಮು ನಿಷೇಧಿಸಿತ್ತು. ಮನೆಯಲ್ಲಿ ಕುಳಿತು ಲೆಕ್ಕ ಬರೆಯುವವನಿಗೆ ಅದು ತಾಗುತ್ತಿರಲಿಲ್ಲ. ಇಬ್ಬರು ಮಾಲೀಕರ ಭವಿಷ್ಯನಿಧಿ ವಂತಿಗೆ ಒಂದೇ ತಿಂಗಳು ಜಮೆಯಾದರೆ ಖಾತೆಯಲ್ಲಿ ಕಾಣುವುದು ನಿಜ. ಆದರೆ 20ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಆ ಕಾಯಿದೆಯ ಕಡ್ಡಾಯವಿಲ್ಲವಾದ್ದರಿಂದ ಆ ಸುಳಿವೂ ಸಿಗದು.

ಉಳಿಯುವುದು ನೇಮಕಾತಿ ಪತ್ರ. ನೌಕರಿಯ ಅವಧಿಯಲ್ಲಿ ಬೇರೆಡೆ ದುಡಿಯಬಾರದೆಂಬ ಷರತ್ತನ್ನು ಸುಪ್ರೀಂ ಕೋರ್ಟು 1967ರ ಗೋಲಿಕರಿ ಪ್ರಕರಣದಲ್ಲಿ ಎತ್ತಿಹಿಡಿದಿದೆ. ನೌಕರಿ ಬಿಟ್ಟ ಮೇಲೆ ಅಂಥ ಷರತ್ತು ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಪೂರ್ಣ ವೇಳೆ ಬೇಕೆನ್ನುವವರು ಅದನ್ನು ಸ್ಪಷ್ಟವಾಗಿ ಬರೆದು, ಅದಕ್ಕೆ ತಕ್ಕ ಸಂಬಳ ಕೊಡತಕ್ಕದ್ದು. ಕೆಲಸವಷ್ಟೇ ಸಾಕೆನ್ನುವವರು ಬಿಡಿಗುತ್ತಿಗೆಗೆ ಒಪ್ಪಿಸಿ, ಗಂಟೆಗಳ ಲೆಕ್ಕ ಕೇಳದಿರುವುದು ಉಚಿತ. ಗುತ್ತಿಗೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ನೌಕರನು ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಂ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನದು; ಗುತ್ತಿಗೆಯವನು ಬರೆದದ್ದು, ಲಿಖಿತ ವರ್ಗಾವಣೆಯಿಲ್ಲದಿದ್ದರೆ, ಸಾಮಾನ್ಯವಾಗಿ ಅವನದೇ.