ಹಗುರ ರಿವಾಲ್ವರ್ ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ: ಸ್ಮಿತ್ ಆ್ಯಂಡ್ ವೆಸನ್ 642 ಹತ್ತು ವರ್ಷದಿಂದ ಸೊಂಟದಲ್ಲಿದೆ. ಅಲ್ಯೂಮಿನಿಯಂ ಫ್ರೇಮು ಒಂದು ದಿನ ಸೀಳುತ್ತದೆ ಎಂದು ರೇಂಜಿನ ಗೆಳೆಯರು ಹೆದರಿಸುತ್ತಾರೆ. ಫ್ರೇಮಿನ ಮೇಲೆ ಅಲ್ಲಲ್ಲಿ ಪದರ ಏಳುತ್ತಿದೆ. ಬೇರೆ ಕೊಳ್ಳಲೇ?
– ಓದುಗರು, ಹ್ಯೂಸ್ಟನ್

ಉತ್ತರ: ಪದರ ಏಳುವುದು ಹ್ಯೂಸ್ಟನ್ನಿನ ಸೆಕೆ ಮತ್ತು ಬೆವರಿನ ಕೆಲಸ. ಹಳೆಯ 642ಗಳಲ್ಲಿ ಇದು ಸಾಮಾನ್ಯ, ಹೋಗುವುದು ಅಂದ ಮಾತ್ರ. ಸೀಳುವ ಭಯಕ್ಕೆ ಮಾತ್ರ ಕಾರಣವಿದೆ. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ವಿಮಾನ ಸಿಬ್ಬಂದಿಗೆ ಕೊಟ್ಟ ಎಂ13 ರಿವಾಲ್ವರಿನಲ್ಲಿ ಫ್ರೇಮಷ್ಟೇ ಅಲ್ಲ, ಸಿಲಿಂಡರೂ ಅಲ್ಯೂಮಿನಿಯಂ. ಸಿಲಿಂಡರು ಒತ್ತಡ ತಾಳಲಿಲ್ಲ. ವಾಯುಪಡೆ ಅವನ್ನು ಹಿಂದಕ್ಕೆ ಪಡೆದು ಬಹುಪಾಲನ್ನು ನಾಶಮಾಡಿತು. ನಿಮ್ಮದರಲ್ಲಿ ಸಿಲಿಂಡರು, ಬ್ಯಾರೆಲ್ ಎರಡೂ ಸ್ಟೇನ್‌ಲೆಸ್ ಉಕ್ಕು.

ಆದರೂ ಅಲ್ಯೂಮಿನಿಯಂ ಉಕ್ಕಲ್ಲ. ಒಂದು ಮಿತಿಯೊಳಗಿನ ಏಟನ್ನು ಉಕ್ಕು ಎಷ್ಟು ಸಲವಾದರೂ ತಿಂದುಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಪ್ರತಿ ಏಟೂ ಲೆಕ್ಕಕ್ಕೆ ಸೇರುತ್ತದೆ. ಜೇಬಿನಲ್ಲಿ ಹೊತ್ತು ತಿರುಗಿದರೆ ಫ್ರೇಮು ಸವೆಯುವುದಿಲ್ಲ, ಬಿರುಸು ತೋಟಾ ಹಾರಿಸಿದರೆ ಸವೆಯುತ್ತದೆ. 642 ಪ್ಲಸ್-ಪಿ ತಾಳುತ್ತದೆಂದು ಕಂಪನಿಯೇ ಹೇಳುತ್ತದೆ, ಸರಿ. ಆದರೆ ಅಭ್ಯಾಸಕ್ಕೆಲ್ಲ ಅದನ್ನೇ ಸುಡುವುದು ಬೇಡ. ಮಾಮೂಲಿ .38 ಸ್ಪೆಷಲ್ ಸಾಕು. ಹೊರುವ ತೋಟಾ ಯಾವುದೋ ಅದರದ್ದು ಕೈಗೆ ಗೊತ್ತಿರುವಷ್ಟು ಮಾತ್ರ ಹಾರಿಸಿ.

ಈಗ ರಿವಾಲ್ವರನ್ನು ಖಾಲಿ ಮಾಡಿ. ಐದೂ ಕೋಣೆ ಬರಿದಾಗಿವೆಯೇ ಎಂದು ಎರಡು ಸಲ ನೋಡಿ. ಸಿಲಿಂಡರನ್ನು ಹೊರಕ್ಕೆ ಸರಿಸಿ, ಬ್ಯಾರೆಲ್ ತಿರುಪಿನಿಂದ ಫ್ರೇಮಿಗೆ ಕೂರುವ ಜಾಗದ ಕೆಳಭಾಗವನ್ನು ಟಾರ್ಚ್ ಹಿಡಿದು ಪರೀಕ್ಷಿಸಿ. ಅಲ್ಲಿ ಲೋಹ ತೀರಾ ತೆಳು. ಕಾರ್ಖಾನೆಯಲ್ಲಿ ಬ್ಯಾರೆಲ್ಲನ್ನು ಅತಿ ಬಿಗಿಯಾಗಿ ತಿರುಗಿಸಿದ್ದರೆ, ಹೆಚ್ಚು ಹಾರಿಸದ ರಿವಾಲ್ವರಿನಲ್ಲೂ ಕೂದಲೆಳೆಯ ಬಿರುಕು ಹುಟ್ಟುವುದು ಅಲ್ಲೇ. ಕಂಡರೆ ಇನ್ನೊಂದು ಗುಂಡೂ ಹಾರಿಸಬೇಡಿ, ಕಂಪನಿಗೆ ಕಳಿಸಿ. ಬಿರುಕಿಲ್ಲದಿದ್ದರೆ ಸಿಲಿಂಡರು ಮುಚ್ಚಿ ಹಿಂದೆಮುಂದೆ ಅಲ್ಲಾಡಿಸಿ. ಕೂದಲಿನಷ್ಟು ಆಟ ಸಹಜ. ಟಕ್ ಎಂದು ಬಡಿದರೆ ಗನ್‌ಸ್ಮಿತ್ ಬಳಿ ಒಯ್ಯಿರಿ. ವಾಷರ್ ಹಾಕಿ ಸರಿಪಡಿಸಬಹುದಾದ ಸವೆತ ಅದು.

ಎರಡೂ ಸರಿಯಿದ್ದರೆ ಬೇರೆ ಕೊಳ್ಳುವ ಮಾತೇ ಬೇಡ.

ಪ್ರಶ್ನೆ: 340ಪಿಡಿ ಸಿಲಿಂಡರಿನ ಮುಂಭಾಗದಲ್ಲಿ ಕಪ್ಪು ಉಂಗುರಗಳು. ಸ್ಕ್ರಬ್ ಪ್ಯಾಡಿನಲ್ಲಿ ಉಜ್ಜಬಹುದೇ?
– ಓದುಗರು, ಫೀನಿಕ್ಸ್

ಉತ್ತರ: ಖಂಡಿತ ಬೇಡ. ಟೈಟಾನಿಯಂ ಸಿಲಿಂಡರಿನ ಮೇಲಿನ ರಕ್ಷಣಾ ಪದರ ಕಿತ್ತುಬಂದರೆ ಬಿಸಿ ಅನಿಲ ಲೋಹವನ್ನೇ ಕೊರೆಯುತ್ತದೆ. ಬಟ್ಟೆ, ಸಾಲ್ವೆಂಟ್, ನೈಲಾನ್ ಬ್ರಷ್ ಸಾಕು; ಉಂಗುರ ಉಳಿದರೆ ಉಳಿಯಲಿ. ಅದಕ್ಕಿಂತ ದೊಡ್ಡ ವಿಷಯ: ಅದು ಸುಮಾರು 330 ಗ್ರಾಂ ತೂಕದ ಮ್ಯಾಗ್ನಮ್. ಒದೆತಕ್ಕೆ ರಿವಾಲ್ವರ್ ಹಿಂದಕ್ಕೆ ನೆಗೆದಾಗ ಉಳಿದ ತೋಟಾಗಳ ಗುಂಡು ಕೋಶದಿಂದ ಮುಂದಕ್ಕೆ ಜಾರಿ ಸಿಲಿಂಡರು ಕಚ್ಚಿಕೊಳ್ಳಬಹುದು. ರೇಂಜಿನಲ್ಲಿ ಐದು ತುಂಬಿ ನಾಲ್ಕು ಹಾರಿಸಿ, ಐದನೆಯದನ್ನು ತೆಗೆದು ಹೊಸ ತೋಟಾದ ಪಕ್ಕ ಇಟ್ಟು ನೋಡಿ. ಉದ್ದ ಹೆಚ್ಚಿದ್ದರೆ ಆ ತೋಟಾ ನಿಮ್ಮ ರಿವಾಲ್ವರಿಗೆ ಆಗದು.