ಬಳ್ಳಾರಿಯ ಎಸ್ಪಿ ಸಿಬಿಐ ನಿರ್ದೇಶಕರಾದದ್ದು ಹೇಗೆ?

ಪ್ರಶ್ನೆ: ನಮ್ಮೂರಿನ ಹೋಟೆಲಿನಲ್ಲಿ ಪೇಪರ್ ಓದುವಾಗ ಒಂದು ವಾದ ಎದ್ದಿತು. ಇಡೀ ದೇಶದ ಪೊಲೀಸರಿಗೆ ಸಿಬಿಐ ನಿರ್ದೇಶಕರೇ ಮುಖ್ಯಸ್ಥರು, ನಮ್ಮ ರಾಜ್ಯದ ಡಿಜಿಪಿ ಕೂಡ ಅವರ ಕೈಕೆಳಗೇ ಎಂದು ಕೆಲವರು ಹೇಳಿದರು. ಆ ಹುದ್ದೆಗೆ ಹೋದ ಪ್ರವೀಣ್ ಸೂದ್ ಹಿಂದೆ ನಮ್ಮ ಬಳ್ಳಾರಿಯಲ್ಲಿ ಎಸ್ಪಿಯಾಗಿದ್ದರಂತೆ. ಇವೆರಡೂ ನಿಜವೇ? ಒಂದು ಜಿಲ್ಲೆಯ ಎಸ್ಪಿಯಾಗಿದ್ದವರು ಅಲ್ಲಿಯವರೆಗೆ ಹೋಗುವುದು ಹೇಗೆ?
– ಓದುಗರೊಬ್ಬರು, ಎಮ್ಮಿಗನೂರು, ಕಂಪ್ಲಿ ತಾಲ್ಲೂಕು

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಪತ್ರಿಕೆಗಳಲ್ಲಿ ಡಿಜಿಪಿ, ಐಜಿಪಿ, ಸಿಬಿಐ ನಿರ್ದೇಶಕ ಎಂಬ ಹೆಸರುಗಳು ದಿನವೂ ಬರುತ್ತವೆ. ಯಾರು ಯಾರಿಗೆ ಮೇಲಧಿಕಾರಿ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ಗೊಂದಲ ಸಹಜ. ನೀವು ಕೇಳಿದ ಎರಡು ಮಾತುಗಳಲ್ಲಿ ಒಂದು ನಿಜ, ಇನ್ನೊಂದು ನಿಜವಲ್ಲ. ಪ್ರವೀಣ್ ಸೂದ್ ಬಳ್ಳಾರಿಯ ಎಸ್ಪಿಯಾಗಿದ್ದದ್ದು ನಿಜ. ಸಿಬಿಐ ನಿರ್ದೇಶಕರು ದೇಶದ ಎಲ್ಲ ಪೊಲೀಸರ ಮುಖ್ಯಸ್ಥರು ಎಂಬುದು ನಿಜವಲ್ಲ. ಮೊದಲು ಈ ಎರಡನೆಯದನ್ನು ಬಗೆಹರಿಸಿಕೊಳ್ಳೋಣ.

ಶ್ರೀಲಂಕಾ, ನೇಪಾಳ, ಬಾಂಗ್ಲಾದೇಶಗಳಲ್ಲಿ ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ, ಅದಕ್ಕೊಬ್ಬ ಇನ್‌ಸ್ಪೆಕ್ಟರ್ ಜನರಲ್ ಇರುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸ್ ವಿಷಯ ರಾಜ್ಯ ಪಟ್ಟಿಯಲ್ಲಿದೆ. ನಿಮ್ಮೂರಿನ ಬೀಟ್ ಪೊಲೀಸರಿಂದ ಹಿಡಿದು ಮೇಲಕ್ಕೆ ಹೋಗಿ ನೋಡಿ. ಠಾಣೆಯ ಪಿಎಸ್‌ಐ ಅಥವಾ ಇನ್‌ಸ್ಪೆಕ್ಟರ್, ಅವರ ಮೇಲೆ ಡಿವೈಎಸ್ಪಿ, ಜಿಲ್ಲೆಗೆ ಎಸ್ಪಿ, ಬಳ್ಳಾರಿ ವಲಯಕ್ಕೆ ಐಜಿಪಿ, ಕೊನೆಗೆ ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿಯಲ್ಲಿರುವ ಡಿಜಿ ಮತ್ತು ಐಜಿಪಿ. ಖಾಕಿಯ ಸಾಲು ಅಲ್ಲಿಗೆ ಮುಗಿಯಿತು. ಅವರು ಉತ್ತರ ಹೇಳಬೇಕಾದದ್ದು ರಾಜ್ಯ ಸರ್ಕಾರಕ್ಕೆ, ದೆಹಲಿಯಲ್ಲಿರುವ ಇನ್ನೊಬ್ಬ ಪೊಲೀಸ್ ಅಧಿಕಾರಿಗೆ ಅಲ್ಲ. ದೇಶದ ಅಷ್ಟೂ ಪೊಲೀಸ್ ಬಲ ಒಬ್ಬರದೇ ಕೈಗೆ ಸಿಗದಂತೆ ಈ ವ್ಯವಸ್ಥೆ ನೋಡಿಕೊಳ್ಳುತ್ತದೆ. ಇದು ನಮ್ಮ ಸಂವಿಧಾನದ ಒಂದು ಒಳ್ಳೆಯ ಗುಣವೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಸಿಬಿಐ ಎಂದರೇನು? ಅದೊಂದು ತನಿಖಾ ಸಂಸ್ಥೆ. ಯುದ್ಧಕಾಲದ ಖರೀದಿಗಳಲ್ಲಿ ನಡೆಯುತ್ತಿದ್ದ ಲಂಚವನ್ನು ಪತ್ತೆ ಹಚ್ಚಲು 1941ರಲ್ಲಿ ಹುಟ್ಟಿದ ವಿಶೇಷ ಪೊಲೀಸ್ ಘಟಕ ಅದರ ಮೂಲ. 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯಿಂದ ಅದಕ್ಕೆ ಅಧಿಕಾರ ಬಂತು, 1963ರ ಏಪ್ರಿಲ್ 1ರಂದು ಇಂದಿನ ಹೆಸರು ಬಂತು. ಡಿ.ಪಿ. ಕೊಹ್ಲಿ ಅದರ ಮೊದಲ ನಿರ್ದೇಶಕರು. ಈ ಕಾಯ್ದೆಯ 6ನೇ ವಿಧಿಯ ಪ್ರಕಾರ ಒಂದು ರಾಜ್ಯದೊಳಗೆ ಸಿಬಿಐ ತನಿಖೆ ನಡೆಸಬೇಕಾದರೆ ಆ ರಾಜ್ಯದ ಒಪ್ಪಿಗೆ ಬೇಕು. ಒಪ್ಪಿಗೆ ಇಲ್ಲದಿದ್ದರೂ ಸುಪ್ರೀಂ ಕೋರ್ಟ್ ಅಥವಾ ಹೈಕೋರ್ಟ್ ತನಿಖೆಗೆ ಆದೇಶಿಸಬಹುದು. ಇದನ್ನು 2010ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ ಸ್ಪಷ್ಟಪಡಿಸಿದೆ.

ನಿಮ್ಮ ಭಾಗದವರಿಗೆ ಈ ಎರಡು ದಾರಿಗಳ ಪರಿಚಯ ಚೆನ್ನಾಗಿಯೇ ಇದೆ. ಬಳ್ಳಾರಿಯ ಗಡಿಗೆ ಅಂಟಿಕೊಂಡ ಓಬಳಾಪುರಂ ಗಣಿಗಾರಿಕೆಯ ತನಿಖೆಗೆ ಸಿಬಿಐ ಬಂದದ್ದು 2009ರಲ್ಲಿ ಆಗಿನ ಆಂಧ್ರಪ್ರದೇಶ ಸರ್ಕಾರವೇ ಕೇಳಿಕೊಂಡಿದ್ದರಿಂದ. ಬೇಲೆಕೇರಿ ಬಂದರಿನಿಂದ ಪರ್ಮಿಟ್ ಇಲ್ಲದೆ ಹಡಗು ಹತ್ತಿದ ಅದಿರಿನ ತನಿಖೆಗೆ ಸಿಬಿಐ ಬಂದದ್ದು 2012ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದರಿಂದ. ಎರಡೂ ಸಲ ಸಿಬಿಐ ತಾನಾಗಿಯೇ ಎದ್ದು ಬರಲಿಲ್ಲ. ಕರ್ನಾಟಕ ಸರ್ಕಾರ ತಾನು ಮೊದಲೇ ಕೊಟ್ಟಿದ್ದ ಸಾಮಾನ್ಯ ಒಪ್ಪಿಗೆಯನ್ನು 2024ರ ಸೆಪ್ಟೆಂಬರ್‌ನಲ್ಲಿ ಹಿಂಪಡೆದದ್ದನ್ನೂ ನೀವು ಓದಿರಬಹುದು. ದೇಶದ ಪೊಲೀಸರಿಗೆಲ್ಲ ಒಡೆಯರಾಗಿದ್ದರೆ ಹೀಗೆ ಒಪ್ಪಿಗೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ, ಅಲ್ಲವೇ?

ಆದರೂ ದೇಶದ ಮಟ್ಟದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ಏರಬಹುದಾದ ಅತಿ ದೊಡ್ಡ ಹುದ್ದೆಗಳಲ್ಲಿ ಸಿಬಿಐ ನಿರ್ದೇಶಕ ಹುದ್ದೆ ಒಂದು. ಅದಕ್ಕೇ ಅಲ್ಲಿಗೆ ಏರಿದವರ ವೃತ್ತಿಜೀವನವನ್ನು ತಿಳಿಯುವ ನಿಮ್ಮ ಆಸೆ ಸರಿಯಾದದ್ದೇ. ಈಗ ಪ್ರವೀಣ್ ಸೂದ್ ಅವರ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡೋಣ.

ಮೊದಲ ಮೆಟ್ಟಿಲು ಓದು ಮತ್ತು ಪರೀಕ್ಷೆ. ಸೂದ್ ಹುಟ್ಟಿದ್ದು 1964ರಲ್ಲಿ, ಹಿಮಾಚಲ ಪ್ರದೇಶದ ಕಾಂಗ್ರಾ ಕಡೆಯವರು. ದೆಹಲಿಯ ಐಐಟಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿದರು. 22ರ ವಯಸ್ಸಿಗೆ, 1986ರ ತಂಡದಲ್ಲಿ, ಐಪಿಎಸ್‌ಗೆ ಆಯ್ಕೆಯಾಗಿ ಕರ್ನಾಟಕ ಕೇಡರ್‌ಗೆ ಬಂದರು. ಕೇಡರ್ ಎಂದರೆ ಅಧಿಕಾರಿಗೆ ಹಂಚಿಕೆಯಾದ ರಾಜ್ಯ. ಐಪಿಎಸ್ ಅಧಿಕಾರಿಗಳನ್ನು ನೇಮಿಸುವುದು ಕೇಂದ್ರ, ದುಡಿಸಿಕೊಳ್ಳುವುದು ಬಹುಮಟ್ಟಿಗೆ ರಾಜ್ಯ. ಮಸ್ಸೂರಿಯಲ್ಲಿ ಆರಂಭದ ತರಬೇತಿ, ಆಮೇಲೆ ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ, ಅದಾದ ಮೇಲೆ ಒಂದು ಜಿಲ್ಲೆಯಲ್ಲಿ ಪ್ರಾಯೋಗಿಕ ಕಲಿಕೆ. ಹೊರರಾಜ್ಯದಿಂದ ಬಂದವರು ಇಲ್ಲಿನ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಲೇಬೇಕು. ಠಾಣೆಗೆ ಬಂದ ರೈತನ ದೂರನ್ನು ಅವನ ಮಾತಿನಲ್ಲೇ ಕೇಳಿಸಿಕೊಳ್ಳಲು ಬಾರದವರಿಗೆ ಜಿಲ್ಲೆ ನಡೆಸಲು ಆಗುವುದಿಲ್ಲ.

ಎರಡನೆಯ ಮೆಟ್ಟಿಲು ಜಿಲ್ಲೆ. ಸೂದ್ 1989ರಲ್ಲಿ ಮೈಸೂರಿನಲ್ಲಿ ಎಎಸ್ಪಿಯಾಗಿ ಕೆಲಸ ಶುರು ಮಾಡಿದರು. ಆಮೇಲೆ ಬಳ್ಳಾರಿ ಮತ್ತು ರಾಯಚೂರು ಜಿಲ್ಲೆಗಳಿಗೆ ಎಸ್ಪಿಯಾದರು. ಆಗಿನ್ನೂ ವಿಜಯನಗರ ಜಿಲ್ಲೆ ಹುಟ್ಟಿರಲಿಲ್ಲ, ಅದು ಆದದ್ದು 2021ರಲ್ಲಿ. ಹೀಗಾಗಿ ಇಂದು ಎರಡು ಜಿಲ್ಲೆಗಳಿಗೆ ಹಂಚಿಹೋಗಿರುವ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಒಬ್ಬರೇ ಎಸ್ಪಿಯ ವ್ಯಾಪ್ತಿಯಲ್ಲಿದ್ದವು. ನಿಮ್ಮ ಎಮ್ಮಿಗನೂರೂ ಅದರೊಳಗೇ ಇತ್ತು. ಒಂದು ಕಡೆ ಆಂಧ್ರದ ಗಡಿ, ಇನ್ನೊಂದು ಕಡೆ ತುಂಗಭದ್ರಾ ಅಣೆಕಟ್ಟು, ಮತ್ತೊಂದು ಕಡೆ ಗಣಿ, ನಡುವೆ ಹಂಪಿಯ ಜಾತ್ರೆಗೆ ಸೇರುವ ಜನ. ಇಂಥ ಜಿಲ್ಲೆಯಲ್ಲಿ ಬಂದೋಬಸ್ತ್ ನಡೆಸಿದ ಅಧಿಕಾರಿಗೆ ಹಳ್ಳಿ, ಪೇಟೆ, ಗಡಿ ಮೂರರ ಅನುಭವವೂ ಆಗುತ್ತದೆ. ಅಲ್ಲಿಂದ ಅವರು ಬೆಂಗಳೂರಿಗೆ ಡಿಸಿಪಿಯಾಗಿ ಹೋದರು.

ಮೂರನೆಯ ಮೆಟ್ಟಿಲು ಬಗೆಬಗೆಯ ಕೆಲಸ. ಪೊಲೀಸ್ ಅಧಿಕಾರಿ ಎಂದರೆ ಕಳ್ಳರನ್ನು ಹಿಡಿಯುವುದಷ್ಟೇ ಎಂದುಕೊಂಡವರಿಗೆ ಈ ಪಟ್ಟಿ ಅಚ್ಚರಿ ತರಬಹುದು. 1999ರಿಂದ ಮೂರು ವರ್ಷ ಸೂದ್ ಮಾರಿಷಸ್ ಸರ್ಕಾರಕ್ಕೆ ಪೊಲೀಸ್ ಸಲಹೆಗಾರರಾಗಿದ್ದರು. 2003ರಲ್ಲಿ ರಜೆ ಪಡೆದು, ಬೆಂಗಳೂರಿನ ಐಐಎಂ ಮತ್ತು ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ನೀತಿ ಮತ್ತು ಆಡಳಿತ ಓದಿದರು. 2004ರಿಂದ 2007ರವರೆಗೆ ಮೈಸೂರು ನಗರ ಪೊಲೀಸ್ ಆಯುಕ್ತರು. 2008ರಿಂದ 2011ರವರೆಗೆ ಬೆಂಗಳೂರಿನ ಸಂಚಾರ ವಿಭಾಗದ ಹೆಚ್ಚುವರಿ ಆಯುಕ್ತರು, ಅಲ್ಲಿ ಸಂಚಾರ ನಿಯಂತ್ರಣಕ್ಕೆ ತಂತ್ರಜ್ಞಾನದ ಬಳಕೆ ಹೆಚ್ಚಿಸಿದರು. 2013–14ರಲ್ಲಿ ಮೈಸೂರ್ ಸ್ಯಾಂಡಲ್ ಸೋಪು ತಯಾರಿಸುವ ಸರ್ಕಾರಿ ಕಂಪನಿಗೂ ವ್ಯವಸ್ಥಾಪಕ ನಿರ್ದೇಶಕರಾಗಿದ್ದರು. 2017ರಲ್ಲಿ ಬೆಂಗಳೂರು ನಗರ ಪೊಲೀಸ್ ಆಯುಕ್ತರಾಗಿ ಕೆಲವು ತಿಂಗಳು ಇದ್ದಾಗ ‘ನಮ್ಮ 100’ ತುರ್ತು ಕರೆ ವ್ಯವಸ್ಥೆ ಮತ್ತು ಮಹಿಳೆಯರಿಗಾಗಿ ಪಿಂಕ್ ಹೊಯ್ಸಳ ವಾಹನಗಳು ಬಂದವು. ಗೃಹ ಇಲಾಖೆಯ ಪ್ರಧಾನ ಕಾರ್ಯದರ್ಶಿ, ಸಿಐಡಿ ಮುಖ್ಯಸ್ಥ, ಮೀಸಲು ಪೊಲೀಸ್ ಪಡೆಯ ಹೊಣೆ, ಇವೂ ಅವರ ದಾರಿಯಲ್ಲಿ ಬಂದವು.

ಇಷ್ಟೂ ವರ್ಷ ಅಧಿಕಾರಿ ಎಷ್ಟು ಮೇಲೇರಿದರು ಎಂಬುದನ್ನು ಅವರ ಹೆಗಲು ನೋಡಿಯೇ ಹೇಳಬಹುದು. ಎಎಸ್ಪಿಯ ಹೆಗಲ ಮೇಲೆ ಮೂರು ನಕ್ಷತ್ರ. ಎಸ್ಪಿಗೆ ರಾಷ್ಟ್ರ ಲಾಂಛನ, ಜೊತೆಗೆ ಒಂದು ನಕ್ಷತ್ರ. ಡಿಐಜಿಗೆ ಲಾಂಛನ ಮತ್ತು ಮೂರು ನಕ್ಷತ್ರ. ಐಜಿಪಿಗೆ ಅಡ್ಡಲಾಗಿ ಇಟ್ಟ ಕತ್ತಿ–ಲಾಠಿ, ಮೇಲೊಂದು ನಕ್ಷತ್ರ. ಎಡಿಜಿಪಿ ಮತ್ತು ಡಿಜಿಪಿಗೆ ಕತ್ತಿ–ಲಾಠಿಯ ಮೇಲೆ ಲಾಂಛನ. ಮುಂದಿನ ಸಲ ಹಂಪಿ ಉತ್ಸವದ ಬಂದೋಬಸ್ತಿನಲ್ಲಿ ಅಧಿಕಾರಿಗಳನ್ನು ಕಂಡಾಗ ಗಮನಿಸಿ, ಯಾರು ಯಾವ ದರ್ಜೆಯವರು ಎಂದು ನಿಮಗೇ ತಿಳಿಯುತ್ತದೆ. ಎಎಸ್ಪಿಯಿಂದ ಡಿಜಿಪಿ ದರ್ಜೆಗೆ ಬರಲು ಸುಮಾರು 30 ವರ್ಷ ಬೇಕು.

ನಾಲ್ಕನೆಯ ಮೆಟ್ಟಿಲು ರಾಜ್ಯದ ಮುಖ್ಯಸ್ಥ ಸ್ಥಾನ. 2020ರ ಜನವರಿ ಕೊನೆಗೆ, ರಾಜ್ಯದ ಮೊದಲ ಮಹಿಳಾ ಡಿಜಿಪಿಯಾಗಿದ್ದ ನೀಲಮಣಿ ಎನ್. ರಾಜು ನಿವೃತ್ತರಾದಾಗ, ಸೂದ್ ಕರ್ನಾಟಕದ ಡಿಜಿ ಮತ್ತು ಐಜಿಪಿಯಾದರು. ಕೆಲವೇ ವಾರಗಳಲ್ಲಿ ಕೋವಿಡ್ ಬಂತು. ಲಾಕ್‌ಡೌನ್ ಕಾಲದಲ್ಲಿ ರಾಜ್ಯದ ಪೊಲೀಸ್ ಪಡೆಯನ್ನು ನಡೆಸಿದ ಹೊಣೆ ಅವರದೇ. ಈ ಹುದ್ದೆಗೆ ಆಯ್ಕೆ ಹೇಗೆಂಬುದೂ ತಿಳಿದಿರಲಿ. 2006ರ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪಿನ ಪ್ರಕಾರ ಹಿರಿಯ ಅಧಿಕಾರಿಗಳಲ್ಲಿ ಮೂವರ ಹೆಸರನ್ನು ಯುಪಿಎಸ್‌ಸಿ ಕೊಡಬೇಕು, ಅವರಲ್ಲಿ ಒಬ್ಬರನ್ನು ರಾಜ್ಯ ಸರ್ಕಾರ ಆರಿಸಬೇಕು, ಕನಿಷ್ಠ ಎರಡು ವರ್ಷ ಅಧಿಕಾರ ಕೊಡಬೇಕು.

ಐದನೆಯದು ಸಿಬಿಐ. ನಿರ್ದೇಶಕರನ್ನು ಆರಿಸುವ ಸಮಿತಿಯಲ್ಲಿ ಮೂವರಿರುತ್ತಾರೆ: ಪ್ರಧಾನಿ, ಲೋಕಸಭೆಯ ವಿರೋಧ ಪಕ್ಷದ ನಾಯಕರು, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಥವಾ ಅವರು ಸೂಚಿಸಿದ ನ್ಯಾಯಮೂರ್ತಿ. ಸರ್ಕಾರವೊಂದೇ ಆರಿಸುವಂತಿಲ್ಲ ಎಂಬುದು ಇದರ ಉದ್ದೇಶ. ಸೂದ್ 2023ರ ಮೇ 25ರಂದು ಅಧಿಕಾರ ವಹಿಸಿಕೊಂಡರು. 1964ರಲ್ಲಿ ಹುಟ್ಟಿದವರು 60 ತುಂಬಿದ ಮೇಲೂ ಹುದ್ದೆಯಲ್ಲಿ ಮುಂದುವರಿದದ್ದು ಹೇಗೆಂದು ನೀವು ಕೇಳಬಹುದು. 1997ರ ವಿನೀತ್ ನಾರಾಯಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿವೃತ್ತಿಯ ದಿನ ಯಾವಾಗ ಬಂದರೂ ಸಿಬಿಐ ನಿರ್ದೇಶಕರಿಗೆ ಕನಿಷ್ಠ ಎರಡು ವರ್ಷ ಇರಬೇಕೆಂದು ಹೇಳಿತು. 2021ರ ತಿದ್ದುಪಡಿಯಿಂದ, ಒಂದೊಂದೇ ವರ್ಷದಂತೆ ಒಟ್ಟು ಐದು ವರ್ಷದವರೆಗೆ ವಿಸ್ತರಿಸಲು ಅವಕಾಶವಾಯಿತು. ಸೂದ್ ಅವರಿಗೆ 2025ರ ಮೇ ತಿಂಗಳಲ್ಲಿ ಒಂದು ವರ್ಷದ ವಿಸ್ತರಣೆ ಸಿಕ್ಕಿತು.

ಈ ಕುರ್ಚಿಗೆ ಹೋದ ಕರ್ನಾಟಕ ಕೇಡರ್‌ನ ಅಧಿಕಾರಿ ಇವರೊಬ್ಬರೇ ಅಲ್ಲ. ಜೋಗಿಂದರ್ ಸಿಂಗ್ 1996–97ರಲ್ಲಿ ನಿರ್ದೇಶಕರಾಗಿದ್ದರು, ಬೊಫೋರ್ಸ್ ಪ್ರಕರಣದ ಕಾಗದಪತ್ರಗಳು ಸ್ವಿಟ್ಜರ್ಲೆಂಡಿನಿಂದ ಬಂದದ್ದು ಅವರ ಕಾಲದಲ್ಲಿ. ರಾಜೀವ್ ಗಾಂಧಿ ಹತ್ಯೆಯ ವಿಶೇಷ ತನಿಖಾ ತಂಡವನ್ನು ನಡೆಸಿದ ಡಿ.ಆರ್. ಕಾರ್ತಿಕೇಯನ್ 1998ರಲ್ಲಿ ಸಿಬಿಐ ಮುಖ್ಯಸ್ಥರಾಗಿದ್ದರು.

ಈಗ ಹೋಟೆಲಿನ ವಾದಕ್ಕೆ ನೀವೇ ತೀರ್ಪು ಕೊಡಬಹುದು. ಸಿಬಿಐ ನಿರ್ದೇಶಕರು ತಮ್ಮ ಸಂಸ್ಥೆಗೆ ಮುಖ್ಯಸ್ಥರು, ಕರ್ನಾಟಕದ ಡಿಜಿಪಿ ಕರ್ನಾಟಕದ ಪೊಲೀಸರಿಗೆ ಮುಖ್ಯಸ್ಥರು, ಒಬ್ಬರು ಇನ್ನೊಬ್ಬರ ಕೈಕೆಳಗಿಲ್ಲ. ಆದ್ದರಿಂದ ಏನಾದರೂ ತೊಂದರೆಯಾದಾಗ ದೆಹಲಿಯ ಕಡೆ ನೋಡುತ್ತ ಕೂರಬೇಡಿ. ತುರ್ತಾದರೆ 112ಕ್ಕೆ ಕರೆ ಮಾಡಿ, ಇಲ್ಲವಾದರೆ ನಿಮ್ಮ ಠಾಣೆಗೆ ಹೋಗಿ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪ್ರಕಾರ, ಅಪರಾಧ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಅಲ್ಲಿ ತೆಗೆದುಕೊಳ್ಳದಿದ್ದರೆ ಎಸ್ಪಿಗೆ ಬರೆದು ಕಳಿಸಬಹುದು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಈ ದಾರಿ ಹಿಡಿಯಬೇಕೆನ್ನುವ ಮಕ್ಕಳಿದ್ದರೆ ಅವರಿಗೂ ಒಂದು ಮಾತು ತಿಳಿಸಿ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಯಾವುದೇ ಪದವಿ ಸಾಕು, ವಯಸ್ಸು 21 ತುಂಬಿರಬೇಕು. ಇಂಗ್ಲಿಷ್‌ನಲ್ಲಿ ಪಾಸಾಗಬೇಕಾದ ಒಂದು ಪತ್ರಿಕೆ ಇದೆ, ಅದನ್ನು ಬಿಟ್ಟರೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನದಲ್ಲಿ ಕನ್ನಡದಲ್ಲೇ ಉತ್ತರಿಸಬಹುದು.